ಲಾಲ್‌ಬಾಗ್‌ನಲ್ಲಿ ಹಕ್ಕಿ ಫೋಟೊ: 300 ಎಂಎಂ ಲೆನ್ಸ್ ಸಾಲದೇ?

ಪ್ರಶ್ನೆ: ನಾನು ಬಸವನಗುಡಿಯವಳು. ಬ್ಯಾಂಕ್ ಕೆಲಸದಿಂದ ನಿವೃತ್ತಳಾದ ಮೇಲೆ ಒಂದು ಮಿರರ್‌ಲೆಸ್ ಕ್ಯಾಮೆರಾ, ಅದಕ್ಕೊಂದು 70-300 ಎಂಎಂ ಲೆನ್ಸ್ ಕೊಂಡೆ. ಎರಡು ತಿಂಗಳಿಂದ ಪ್ರತಿ ಭಾನುವಾರ ತಿಂಡಿ ಮುಗಿಸಿ ಲಾಲ್‌ಬಾಗ್‌ಗೆ ಹೋಗುತ್ತಿದ್ದೇನೆ. ಎರಡು ಸಾವಿರ ಫೋಟೊ ಆಗಿರಬಹುದು. ಹೆಚ್ಚಿನವು ಬಿಳಿ ಆಕಾಶದಲ್ಲಿ ಕಪ್ಪು ಮಚ್ಚೆ, ಉಳಿದವು ಖಾಲಿ ಕೊಂಬೆ. ಜೊತೆಯವರು 600 ಎಂಎಂ ಲೆನ್ಸ್ ಇಲ್ಲದೆ ಹಕ್ಕಿ ಫೋಟೊ ಆಗದು ಎನ್ನುತ್ತಾರೆ. ಇನ್ನೊಬ್ಬರು ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿದರೆ ತಾವೇ ಹತ್ತಿರ ಬರುತ್ತವೆ ಎಂದರು. ನಾನು ಏನು ಮಾಡಲಿ? ಕಳಿಸಿರುವ ಹನ್ನೊಂದು ಚಿತ್ರಗಳಲ್ಲಿ ಕೊನೆಯದೊಂದೇ ಸ್ಪಷ್ಟವಾಗಿ ಬಂದಿದೆ. ಅದು ಯಾವ ಗಿಡುಗ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ ಮೇಡಂ. 600 ಎಂಎಂ ಲೆನ್ಸ್ ಈಗ ಕೊಳ್ಳಬೇಡಿ.

ಪ್ರತಿ ಚಿತ್ರದೊಳಗೂ ಕ್ಯಾಮೆರಾ ತಾನೇ ಒಂದಿಷ್ಟು ವಿವರ ಬರೆದಿಟ್ಟುಕೊಂಡಿರುತ್ತದೆ. ನಿಮ್ಮ ಹನ್ನೊಂದರಲ್ಲೂ ಅದನ್ನು ತೆಗೆದು ನೋಡಿದೆ. ಹತ್ತು ಚಿತ್ರಗಳು ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರ ನಡುವಿನವು. ಷಟರ್ ವೇಗ, ಅಂದರೆ ಕ್ಯಾಮೆರಾ ಕಣ್ಣು ತೆರೆದಿಡುವ ಹೊತ್ತು, ಸೆಕೆಂಡಿನ 1/125, 1/160. ಎಲ್ಲವೂ ಮರದ ಬುಡದಲ್ಲಿ ನಿಂತು ಕತ್ತೆತ್ತಿ ಆಕಾಶದ ಎದುರಿಗೆ ತೆಗೆದವು. ಹೊತ್ತು, ವೇಗ, ದಿಕ್ಕು ಮೂರೂ ಕೈಕೊಟ್ಟಿವೆ. ದೊಡ್ಡ ಲೆನ್ಸ್ ಇವುಗಳಲ್ಲಿ ಒಂದನ್ನೂ ಸರಿಮಾಡುವುದಿಲ್ಲ. ಕೈನಡುಕವನ್ನು ಎರಡರಷ್ಟು ಮಾಡಿ ತೋರಿಸುತ್ತದೆ, ಅಷ್ಟೆ.

ಬ್ಯಾಂಕಿನವರಿಗೆ ಲೆಕ್ಕ ಇಷ್ಟವಾದೀತು ಎಂದು ಒಂದು ಲೆಕ್ಕ ಕೊಡುತ್ತೇನೆ. ನಿಮ್ಮ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಎಪಿಎಸ್-ಸಿ ಎನ್ನುವ ಅಳತೆಯದು. ಅದರಲ್ಲಿ 300 ಎಂಎಂಗೆ ಇಟ್ಟು ಐದು ಮೀಟರ್ ದೂರಕ್ಕೆ ಗುರಿಯಿಟ್ಟರೆ ಚೌಕಟ್ಟಿನೊಳಗೆ ಸುಮಾರು 40 ಸೆಂ.ಮೀ. ಅಗಲದ ಜಾಗ ಕಾಣುತ್ತದೆ. ಹೂವಿನ ರಸ ಹೀರುವ ಸೂರಕ್ಕಿ ಇರುವುದು ಹತ್ತು ಸೆಂ.ಮೀ. ಅಂದರೆ ಚಿತ್ರದ ಕಾಲು ಭಾಗದಷ್ಟು ಅಗಲ ಹಕ್ಕಿಯೇ ತುಂಬುತ್ತದೆ, ಪುಕ್ಕದ ಗೆರೆ ಎಣಿಸಲು ಅಷ್ಟು ಸಾಕು. ಹತ್ತು ಮೀಟರ್ ದೂರ ಹೋದರೆ ಅದು ಎಂಟನೇ ಒಂದಾಗುತ್ತದೆ. 600 ಎಂಎಂ ಕೊಂಡವರು ಹತ್ತು ಮೀಟರ್‌ನಿಂದ ಪಡೆಯುವುದನ್ನು ನೀವು ಐದು ಮೀಟರ್‌ನಿಂದ ಪಡೆಯುತ್ತೀರಿ. ಹೆಜ್ಜಾರ್ಲೆಯಂಥ (ಪೆಲಿಕನ್) ಸುಮಾರು ಒಂದೂವರೆ ಮೀಟರ್ ಉದ್ದದ ಹಕ್ಕಿಗಾದರೆ ಇಪ್ಪತ್ತು ಮೀಟರ್‌ನಲ್ಲೂ ನಿಮ್ಮ ಲೆನ್ಸ್ ಧಾರಾಳ. ಉಳಿದಿರುವುದು ಐದು ಮೀಟರ್ ಹತ್ತಿರಕ್ಕೆ ಹೋಗುವುದು ಹೇಗೆ ಎನ್ನುವುದು. ಹೋಗಬೇಡಿ. ಹಕ್ಕಿ ಬರುವ ಕಡೆ ಮೊದಲೇ ಹೋಗಿ ನಿಂತಿರಿ.

ಇದನ್ನು ನನಗೆ ಕಲಿಸಿದವರು ಲಾಲ್‌ಬಾಗ್‌ನ ಒಬ್ಬ ತೋಟದ ಕೆಲಸದವರು. ಬಹಳ ವರ್ಷದ ಹಿಂದೆ ಕೆರೆಯ ಅಂಚಿನಲ್ಲಿ ಒಂದು ಮಿಂಚುಳ್ಳಿಯ ಬೆನ್ನು ಹತ್ತಿದ್ದೆ. ನಾನು ಈ ಕಡೆ ಬಂದರೆ ಅದು ಆ ಕಡೆ, ನಾನು ಆ ಕಡೆ ಹೋದರೆ ಅದು ಈ ಕಡೆ. ಅವರು ಒಣಗಿದ ಎಲೆ ಗುಡಿಸುತ್ತಿದ್ದರು. ನನ್ನ ಮೂರನೇ ಸುತ್ತು ನೋಡಿ, "ಯಾಕ್ ಸಾರ್ ಓಡಾಡ್ತೀರಾ, ಆ ಮುರಿದ ಕೊಂಬೆ ಎದುರಿಗೆ ಕೂತ್ಕೊಳ್ಳಿ, ಅದರ ಸೀಟು ಅದೇ" ಎಂದರು. ಕೊಂಬೆಯ ತುದಿಯಲ್ಲಿ ಹಿಕ್ಕೆಯ ಬಿಳಿ ಗೆರೆಗಳು ಇಳಿದಿದ್ದವು. ನಾನು ಹಕ್ಕಿ ನೋಡುತ್ತಿದ್ದೆ, ಅವರು ಕೊಂಬೆ ನೋಡಿದ್ದರು. ಕೂತೆ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಬಾಯಲ್ಲಿ ಮೀನು ಕಚ್ಚಿಕೊಂಡು ಬಂತು, ಕೊಂಬೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿದು, ತಲೆ ಮೊದಲಾಗಿ ನುಂಗಿ, ನನ್ನನ್ನೊಮ್ಮೆ ನೋಡಿ, ಅಲ್ಲೇ ಕೂತಿತು.

ಹಾಗಾಗಿ ನಿಮ್ಮ ಮೊದಲ ಕೆಲಸ ಮರ ಗುರುತು ಮಾಡಿಕೊಳ್ಳುವುದು. ಹೈದರಾಲಿ 1760ರಲ್ಲಿ ಶುರುಮಾಡಿದ ಈ ತೋಟ ಈಗ ಸುಮಾರು 240 ಎಕರೆ. ಅಷ್ಟರಲ್ಲಿ ಹಕ್ಕಿ ಹುಡುಕುತ್ತ ಹೊರಟರೆ ಕಾಲು ನೋವೇ ಗತಿ. ಯಾವ ಮರ ಈ ವಾರ ಹೂ ಬಿಟ್ಟಿದೆ, ಯಾವ ಮರದಲ್ಲಿ ಹಣ್ಣಾಗಿದೆ, ಇಷ್ಟು ತಿಳಿದುಕೊಳ್ಳಿ. ಚಳಿ ಮುಗಿಯುವ ಹೊತ್ತಿಗೆ ಬೂರುಗದ ಮರ ಎಲೆಯೆಲ್ಲ ಉದುರಿಸಿ ಬರೀ ಕೆಂಪು ಹೂ ಹೊತ್ತು ನಿಲ್ಲುತ್ತದೆ. ಎಲೆ ಅಡ್ಡ ಬರುವುದಿಲ್ಲ, ಹೂವಿನ ಬಟ್ಟಲಲ್ಲಿ ರಸ ತುಂಬಿರುತ್ತದೆ. ಗೊರವಂಕ, ಕಾಜಾಣ, ಪಿಕಳಾರ, ಸೂರಕ್ಕಿ, ಅದೃಷ್ಟವಿದ್ದರೆ ವಲಸೆ ಬಂದ ಗುಲಾಬಿ ಮೈನಾ ಗುಂಪು, ಎಲ್ಲರಿಗೂ ಅಲ್ಲೇ ಬೆಳಗಿನ ಕಾಫಿ. ಆಲ, ಅತ್ತಿ ಹಣ್ಣಾದಾಗ ಕುಟ್ರುಹಕ್ಕಿ, ಕೋಗಿಲೆಗಳ ಸರದಿ. ಒಂದೇ ಜಾತಿಯ ಮರಗಳೂ ಒಟ್ಟಿಗೆ ಹಣ್ಣಾಗುವುದಿಲ್ಲವಾದ್ದರಿಂದ ಕಳೆದ ತಿಂಗಳ ಮರವನ್ನು ನೆಚ್ಚಿಕೊಳ್ಳಬೇಡಿ. ನೆಲದ ಮೇಲೆ ಬಿದ್ದ ಹಣ್ಣು ನೋಡಿ, ಆಮೇಲೆ ಕತ್ತೆತ್ತಿ.

ಲಾಲ್‌ಬಾಗ್‌ಗೂ ಮೊದಲು ನಿಮ್ಮ ಬೀದಿಯಲ್ಲೇ ಗಸಗಸೆ ಹಣ್ಣಿನ ಮರ ಇದೆಯೇ ನೋಡಿ. ಮಕ್ಕಳು ಕೆಂಪು ಗೋಲಿಯಂಥ ಹಣ್ಣು ಕಿತ್ತು ತಿನ್ನುವ ಆ ಮರ. ಅದರಲ್ಲಿ ವರ್ಷದ ಬಹುಕಾಲ ಹಣ್ಣಿರುತ್ತದೆ, ಕೊಂಬೆ ತಗ್ಗಿನಲ್ಲಿರುತ್ತದೆ, ಮಹಡಿಯ ಮೇಲೆ ನಿಂತರೆ ಹಕ್ಕಿ ನಿಮ್ಮ ಕಣ್ಣಿನ ಮಟ್ಟಕ್ಕೆ ಸಿಗುತ್ತದೆ. ಅಲ್ಲಿಗೆ ಬರುವ ಹೆಬ್ಬೆಟ್ಟು ಗಾತ್ರದ ಮಣ್ಣುಬಣ್ಣದ ಹಕ್ಕಿಯೇ ಬದನಿಕೆ ಹಕ್ಕಿ. ಹೆಸರು ಸುಮ್ಮನೆ ಬಂದದ್ದಲ್ಲ. ಮಾವು, ಸಪೋಟ ಮರಗಳ ಮೇಲೆ ಬೆಳೆಯುವ ಬದನಿಕೆ ಎಂಬ ಪರಾವಲಂಬಿ ಗಿಡದ ಹಣ್ಣು ಇದರ ಮುಖ್ಯ ಆಹಾರ. ಅದರ ಬೀಜ ಎಷ್ಟು ಅಂಟೆಂದರೆ ಹಿಕ್ಕೆಯ ಜೊತೆ ಸಲೀಸಾಗಿ ಉದುರುವುದಿಲ್ಲ. ಹಕ್ಕಿ ಕೊಂಬೆಗೆ ಹಿಂಭಾಗ ಉಜ್ಜಿ ಬಿಡಿಸಿಕೊಳ್ಳಬೇಕು. ಉಜ್ಜಿದ ಕಡೆ ಬೀಜ ಅಂಟಿ ಮೊಳೆಯುತ್ತದೆ. ಆ ಉಜ್ಜಾಟದ ಚಿತ್ರ ನನ್ನ ಬಳಿ ಒಂದೇ ಒಂದಿದೆ. ಅದೂ ಲಾಲ್‌ಬಾಗ್‌ನದಲ್ಲ, ನಮ್ಮ ಮನೆ ತಾರಸಿಯದು.

ಇನ್ನು ಹಕ್ಕಿ ಹಾರಿಹೋಗುವ ವಿಷಯ. ಪಾರ್ಕಿನ ಹಕ್ಕಿ ಕಾಡಿನ ಹಕ್ಕಿಯಂತಲ್ಲ. ದಿನಕ್ಕೆ ಸಾವಿರಾರು ಕಾಲು ನೋಡಿರುತ್ತದೆ. ನಡೆದುಹೋಗುವವರನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ನಡೆಯುತ್ತಿದ್ದವರು ತಟ್ಟನೆ ನಿಂತು, ತನ್ನತ್ತ ತಿರುಗಿ, ಎರಡೂ ಕೈ ಮೇಲೆತ್ತಿದರೆ ಅದಕ್ಕೆ ಎದೆ ಧಸಕ್ಕೆನ್ನುತ್ತದೆ. ಫೋಟೊ ತೆಗೆಯುವವರು ಮಾಡುವುದು ಸರಿಯಾಗಿ ಇದನ್ನೇ. ಹಕ್ಕಿ ಕಂಡರೆ ನಿಲ್ಲದೆ ಅದನ್ನು ದಾಟಿ ಹೋಗಿ. ಹತ್ತು ಹೆಜ್ಜೆ ಮುಂದೆ ಬೆಂಚೋ ಮರದ ಬುಡವೋ ಸಿಕ್ಕರೆ ಕೂರಿ. ಕ್ಯಾಮೆರಾ ಎದೆಯ ಹತ್ತಿರವೇ ಇರಲಿ, ನಿಧಾನವಾಗಿ ಕಣ್ಣಿಗೆ ತನ್ನಿ. ಹಕ್ಕಿ ಮೇಯುವುದು ನಿಲ್ಲಿಸಿ, ಕತ್ತು ನೀಳ ಮಾಡಿ ನಿಮ್ಮನ್ನೇ ದಿಟ್ಟಿಸಿದರೆ ಒಂದು ಹೆಜ್ಜೆ ಹೆಚ್ಚಾಗಿದೆ ಎಂದೇ ಅರ್ಥ. ಅಲ್ಲೇ ಇರಿ. ಮತ್ತೆ ಮೇಯತೊಡಗಿದರೆ ನಿಮ್ಮನ್ನು ಮರೆತಿದೆ. ಬಟ್ಟೆ ಮಾಸಲು ಹಸಿರೋ ಕಂದೋ ಆದರೆ ಒಳ್ಳೆಯದು. ಅದಕ್ಕಾಗಿ ಸೈನಿಕರ ಚುಕ್ಕೆ ಬಟ್ಟೆ ಕೊಳ್ಳುವ ಅಗತ್ಯ ನನಗಂತೂ ಕಂಡಿಲ್ಲ. ಹಳೆ ಕಾಟನ್ ಚೂಡಿದಾರ್ ಸಾಕು.

ತಿಂಡಿ ಮುಗಿಸಿ ಹೋಗುವುದನ್ನು ಮಾತ್ರ ಬಿಡಲೇಬೇಕು. ಆರಕ್ಕೆ ಗೇಟು ತೆರೆಯುತ್ತದೆ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲಿನ ಸುಮಾರಿಗೆ, ಮರದ ಸಂದಿಗೆ ಬೆಳಕು ಬೀಳಲು ಏಳೂಕಾಲಾದರೂ ಆಗುತ್ತದೆ. ಆಗಿನಿಂದ ಎಂಟೂವರೆಯವರೆಗೆ ನಿಮ್ಮ ಹೊತ್ತು. ಬೆಳಕು ಓರೆಯಾಗಿ ಬಂದು ಹಕ್ಕಿಯ ಪಕ್ಕೆಗೆ ಬೀಳುತ್ತದೆ, ಕಣ್ಣಲ್ಲಿ ಒಂದು ಚುಕ್ಕಿ ಹೊಳಪು ಮೂಡುತ್ತದೆ. ಆ ಚುಕ್ಕಿ ಇಲ್ಲದ ಹಕ್ಕಿ ಎಷ್ಟೇ ಸ್ಪಷ್ಟವಾಗಿದ್ದರೂ ಹುಲ್ಲು ತುಂಬಿದ ಬೊಂಬೆಯಂತೆ ಕಾಣುತ್ತದೆ. ಒಂಬತ್ತರ ಮೇಲೆ ಬೆಳಕು ನೆತ್ತಿಗೇರುತ್ತದೆ, ಹಕ್ಕಿ ನೆರಳಿಗೆ ಸರಿಯುತ್ತದೆ, ಕೆಂಪೇಗೌಡ ಗೋಪುರದ ಬಂಡೆ ಕಾಯತೊಡಗುತ್ತದೆ. 300 ಕೋಟಿ ವರ್ಷದಷ್ಟು ಹಳೆಯ ಆ ಬಂಡೆಯ ಮೇಲಿನ ಬಿಸಿಗಾಳಿಯ ಕಂಪನದ ಮೂಲಕ ಹದ್ದಿನ ಚಿತ್ರ ತೆಗೆದು, ಫೋಕಸ್ ತಪ್ಪಿತೆಂದು ಲೆನ್ಸನ್ನು ಬೈಯುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಗಾಜಿನ ಮನೆಯ ಕಡೆ ತಲೆಹಾಕಬೇಡಿ. ಆ ದಿನಗಳು ಹೂವಿನ ಫೋಟೊದವರಿಗೆ.

ಸೂರ್ಯ ನಿಮ್ಮ ಬೆನ್ನಿಗಿರಲಿ ಎಂದು ಎಲ್ಲರೂ ಹೇಳುತ್ತಾರೆ. ಸೂರಕ್ಕಿಯ ವಿಷಯದಲ್ಲಿ ಇದಕ್ಕೊಂದು ಗಟ್ಟಿ ಕಾರಣವೂ ಇದೆ. ಗಂಡಿನ ಕತ್ತಿನ ನೇರಳೆ, ನೆತ್ತಿಯ ಹಸಿರು ಬಣ್ಣದ ಪುಡಿಯಿಂದ ಬಂದವಲ್ಲ. ಪುಕ್ಕದ ಸೂಕ್ಷ್ಮ ಪದರಗಳು ಬೆಳಕನ್ನು ಒಡೆದು ಹಿಂದಕ್ಕೆ ಕಳಿಸುವುದರಿಂದ ಹುಟ್ಟುವ ಹೊಳಪು ಅದು. ಬೆಳಕಿನ ಕೋನ ತಪ್ಪಿದರೆ ಅದೇ ಹಕ್ಕಿ ಮಸಿ ಬಳಿದಂತೆ ಕಪ್ಪು. ನಿಮ್ಮ ನಾಲ್ಕನೇ ಚಿತ್ರದಲ್ಲಿರುವ ಕಪ್ಪು ಹಕ್ಕಿ ಸೂರಕ್ಕಿಯೇ. ನೀವು ದಾಸವಾಳದ ಗಿಡದ ಆ ಬದಿಯಲ್ಲಿ ನಿಂತಿದ್ದರೆ ಬಣ್ಣ ಸಿಗುತ್ತಿತ್ತು. ಅದು ಹೂವಿಂದ ಹೂವಿಗೆ ಹಾರುವಾಗ ಬೆನ್ನಟ್ಟಬೇಡಿ. ನಡುನಡುವೆ ಒಂದು ಬೋಳು ಕಡ್ಡಿಯ ಮೇಲೆ ಕೂತು ಕೊಕ್ಕು ಒರೆಸಿಕೊಳ್ಳುತ್ತದೆ. ಆ ಕಡ್ಡಿಗೆ ಫೋಕಸ್ ಇಟ್ಟುಕೊಂಡು ಕಾಯಿರಿ.

ಕ್ಯಾಮೆರಾದ ಕಿವಿ ಹಿಂಡುವ ಕೆಲಸ ಹೆಚ್ಚಿಲ್ಲ. ಈಗ ನೀವು ಎಲ್ಲವನ್ನೂ ಅದರ ಇಷ್ಟಕ್ಕೆ ಬಿಟ್ಟಿದ್ದೀರಿ. ಅದು ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಲು ಅಂಜಿ ಷಟರ್ ನಿಧಾನ ಮಾಡಿದೆ. ಮ್ಯಾನ್ಯುಯಲ್‌ಗೆ ತಿರುಗಿಸಿ, ನಿಮ್ಮ ಲೆನ್ಸ್‌ನಲ್ಲಿ 300ಕ್ಕೆ ಸಿಗುವ ಅತಿ ದೊಡ್ಡ ದ್ಯುತಿರಂಧ್ರ (ಬೆಳಕು ಒಳಬರುವ ಕಿಂಡಿ, ಅಪರ್ಚರ್) ಇಡಿ, ಕೂತ ಹಕ್ಕಿಗೆ ಷಟರ್ 1/800, ಸೂರಕ್ಕಿಯಂಥ ಚಂಚಲ ಹಕ್ಕಿಗೆ 1/1250, ಹಾರುವ ಹದ್ದಿಗೆ 1/2000. ಐಎಸ್ಒ ಒಂದನ್ನು ಮಾತ್ರ ಆಟೋದಲ್ಲಿಟ್ಟು 6400ಕ್ಕೆ ಮಿತಿ ಹಾಕಿ. ಚಿತ್ರ ಕಾಳುಕಾಳಾದೀತು ಎಂದು ಹೆದರಬೇಡಿ. ಕಾಳನ್ನು ಮನೆಯಲ್ಲಿ ಕೂತು ನಯ ಮಾಡಬಹುದು, ಅಲುಗಿದ ಹಕ್ಕಿಯನ್ನು ನಿಲ್ಲಿಸುವ ತಂತ್ರಾಂಶ ನಾನು ನೋಡಿಲ್ಲ. ಲೆನ್ಸ್‌ನಲ್ಲಿರುವ ಸ್ಟೆಬಿಲೈಸೇಷನ್ ನಿಮ್ಮ ಕೈನಡುಕಕ್ಕೆ ಮದ್ದು, ಹಕ್ಕಿಯ ಚಡಪಡಿಕೆಗೆ ಅಲ್ಲ. ಫೋಕಸ್ ನಿರಂತರ ಮೋಡಿನಲ್ಲಿರಲಿ. ಕೆಲವು ಕಂಪನಿಯ ಕ್ಯಾಮೆರಾ ಇದನ್ನು ಎಎಫ್-ಸಿ ಎನ್ನುತ್ತದೆ, ಕ್ಯಾನನ್ ಸರ್ವೋ ಎನ್ನುತ್ತದೆ. ಹಕ್ಕಿಯ ಕಣ್ಣು ಗುರುತಿಸುವ ಸೌಲಭ್ಯವಿದ್ದರೆ ಹಾಕಿ. ಕೊಂಬೆಗಳ ಸಿಕ್ಕಿನಲ್ಲಿ ಅದು ಮೋಸಹೋದಾಗ ಒಂದೇ ಸಣ್ಣ ಚುಕ್ಕಿಗೆ ಇಳಿಸಿ ಕಣ್ಣಿನ ಮೇಲೆ ಇಡಿ.

ಕಪ್ಪು ಮಚ್ಚೆಗೆ ಮದ್ದು ಎಕ್ಸ್‌ಪೋಷರ್ ಸರಿಹೊಂದಿಸುವ ಆ ಪ್ಲಸ್-ಮೈನಸ್ ಗುಂಡಿ. ಚೌಕಟ್ಟಿನ ತುಂಬ ಬೆಳ್ಳಗಿನ ಆಕಾಶವಿದ್ದರೆ ಕ್ಯಾಮೆರಾ ಬೆಳಕು ಜಾಸ್ತಿಯಾಯಿತೆಂದು ಚಿತ್ರವನ್ನೇ ಮಂಕು ಮಾಡುತ್ತದೆ. ಪ್ಲಸ್ ಒಂದು, ಒಂದೂವರೆಗೆ ತಿರುಗಿಸಿ. ಕೆರೆಯ ಕಪ್ಪು ನೀರಿನ ಎದುರು ನಿಂತ ಬೆಳ್ಳಕ್ಕಿಗೆ ಇದು ತಿರುಗುಮುರುಗು. ಮೈನಸ್ ಒಂದು ಮಾಡದಿದ್ದರೆ ಪುಕ್ಕವೆಲ್ಲ ಸುಣ್ಣ ಬಳಿದ ಗೋಡೆಯಾಗುತ್ತದೆ.

ಕಲಿಯಲು ಕೆರೆಯ ಏರಿಯಷ್ಟು ಒಳ್ಳೆಯ ಜಾಗ ಲಾಲ್‌ಬಾಗ್‌ನಲ್ಲಿ ಬೇರೆ ಇಲ್ಲ. ನೀರುಕಾಗೆ, ಹಾವಕ್ಕಿ, ಹೆಜ್ಜಾರ್ಲೆ, ಬಕ ಎಲ್ಲ ದೊಡ್ಡವು, ನಿಧಾನದವು, ಕೂತರೆ ಗಂಟೆಗಟ್ಟಲೆ ಕೂರುವಂಥವು. ಹಾವಕ್ಕಿ ಮುಳುಗೆದ್ದು ಬಂದು ರೆಕ್ಕೆ ಬಿಚ್ಚಿ ಒಣಗಿಸುವಾಗ ನೀವು ಬೇಕಾದ ಗುಂಡಿಯನ್ನೆಲ್ಲ ಒತ್ತಿ ಪ್ರಯೋಗ ಮಾಡಬಹುದು. ಸಾಧ್ಯವಾದಷ್ಟು ಕೆಳಗೆ ಕೂರಿ. ಕ್ಯಾಮೆರಾ ನೀರಿನ ಮಟ್ಟಕ್ಕೆ ಇಳಿದಷ್ಟೂ ಹಿಂಬದಿಯ ದಡ ದೂರ ಸರಿದು ಮಸುಕಾಗುತ್ತದೆ. ಮಂಡಿ ಒಪ್ಪದಿದ್ದರೆ ಮಡಚುವ ಸಣ್ಣ ಸ್ಟೂಲ್ ಒಯ್ಯಿರಿ. ಟ್ರೈಪಾಡ್ ಒಯ್ಯುವ ಮುನ್ನ ಗೇಟಿನಲ್ಲಿ ಕೇಳಿಕೊಳ್ಳಿ.

ನನ್ನ ಮಾತು ಕೇಳುವುದಾದರೆ ಮೊದಲ ತಿಂಗಳು ಒಂದೇ ಹಕ್ಕಿ ಹಿಡಿಯಿರಿ. ಚಿಟ್ಟುಕುಟ್ರ ಆಗಬಹುದು, ಕಂಚುಗಾರ ಹಕ್ಕಿ ಎಂದೂ ಕರೆಯುವುದುಂಟು. ಬೇಸಿಗೆ ಹತ್ತಿರ ಬಂದಂತೆ ದಿನವಿಡೀ ಟುಕ್ ಟುಕ್ ಟುಕ್ ಎಂದು ಒಂದೇ ತಾಳದಲ್ಲಿ ತಾಮ್ರ ಬಡಿಯುತ್ತಿರುತ್ತದೆ. ದನಿ ಜಾಡಿನಲ್ಲಿ ಹೋದರೆ ಸಾಮಾನ್ಯವಾಗಿ ಒಂದು ಬೋಳು ತುದಿಕೊಂಬೆಯ ಮೇಲೆ ಸಿಗುತ್ತದೆ, ಬೆಳಗಿನ ಬಿಸಿಲು ಕಾಯುತ್ತ. ಹತ್ತಿರದಿಂದ ನೋಡಿ. ಕೂಗುವಾಗ ಕೊಕ್ಕು ತೆರೆಯುವುದೇ ಇಲ್ಲ. ಪ್ರತಿ ಟುಕ್‌ಗೂ ಗಂಟಲ ಚರ್ಮ ಚೀಲದಂತೆ ಉಬ್ಬಿ ಇಳಿಯುತ್ತದೆ, ತಲೆ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗುತ್ತದೆ. ದನಿ ಎತ್ತಲಿಂದ ಬಂತೆಂದು ನಾವು ತಬ್ಬಿಬ್ಬಾಗುವುದು ಅದಕ್ಕೇ. ತಾಳ ಖಚಿತವಾಗಿರುವುದರಿಂದ ನಾಲ್ಕು ಟುಕ್ ಎಣಿಸಿ ಐದನೆಯದಕ್ಕೆ ಗುಂಡಿ ಒತ್ತಿದರೆ ಉಬ್ಬಿದ ಗಂಟಲು ಚಿತ್ರಕ್ಕೆ ಸಿಕ್ಕುತ್ತದೆ. ಸುಮ್ಮನೆ ಗುಂಡಿ ಒತ್ತಿ ಹಿಡಿದು ಇನ್ನೂರು ಚಿತ್ರ ತೆಗೆಯುವುದಕ್ಕಿಂತ ಇದರಲ್ಲಿ ಮಜಾ ಇದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ, ನಮ್ಮ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಇವರೆಲ್ಲ ಫಿಲಂ ಕಾಲದಲ್ಲಿ ಹಕ್ಕಿಯನ್ನು ಕ್ಯಾಮೆರಾದಲ್ಲಿ ಹಿಡಿದವರು. ಒಂದು ರೋಲಿಗೆ 36 ಚಿತ್ರ, ತೊಳೆಸುವವರೆಗೆ ಏನು ಬಂದಿದೆಯೋ ದೇವರಿಗೇ ಗೊತ್ತು. ಎಣಿಸಿ ಒತ್ತುವುದು ಅವರಿಗೆ ಅನಿವಾರ್ಯವಾಗಿತ್ತು.

ಮೊಬೈಲ್ ಕೂಗಿನ ವಿಷಯ. ಹಾಕಬೇಡಿ. ಬರುತ್ತವೆ ಎನ್ನುವುದು ನಿಜ, ಯಾಕೆ ಬರುತ್ತವೆ ಎನ್ನುವುದನ್ನು ನಿಮಗೆ ಹೇಳಿದವರು ಹೇಳಲಿಲ್ಲ. ಗಂಡು ಮಡಿವಾಳ ಹಕ್ಕಿಗೆ ತನ್ನ ಜಾಗದಲ್ಲಿ ಇನ್ನೊಂದು ಗಂಡಿನ ಹಾಡು ಕೇಳಿದರೆ ಅದು ಜಗಳದ ಕರೆ. ಮೇಯುವುದು, ಮರಿಗೆ ಉಣಿಸುವುದು ಬಿಟ್ಟು ಇಲ್ಲದ ಶತ್ರುವನ್ನು ಹುಡುಕಿಕೊಂಡು ಬರುತ್ತದೆ. ನೀವು ಹೋದ ಮೇಲೆ ಇನ್ನೊಬ್ಬರು ಬಂದು ಹಾಕುತ್ತಾರೆ. ಲಾಲ್‌ಬಾಗ್‌ನಲ್ಲಿ ಭಾನುವಾರ ಎಷ್ಟು ಕ್ಯಾಮೆರಾ ಬರುತ್ತವೆ ಎಂದು ನೀವೇ ನೋಡಿದ್ದೀರಿ. ಒಂದು ಸಲ ನಾನೂ ಹಾಕಿದ್ದೆ, ಮೊಬೈಲಲ್ಲ, ಟೇಪ್ ರೆಕಾರ್ಡರ್. ಹಕ್ಕಿ ನನ್ನಿಂದ ಎರಡು ಮಾರು ದೂರಕ್ಕೆ ಬಂದು ಪುಕ್ಕ ಕೆದರಿ ಅತ್ತಿತ್ತ ಹುಡುಕಾಡಿತು. ಚಿತ್ರ ಚೆನ್ನಾಗಿಯೇ ಬಂತು. ಅದನ್ನು ಯಾರಿಗೂ ತೋರಿಸಿಲ್ಲ. ಕೂಗಿನಿಂದ ಹಕ್ಕಿ ಗುರುತಿಸಲು ಮರ್ಲಿನ್ ಆ್ಯಪ್ ಬಳಸಿ, ತಪ್ಪೇನಿಲ್ಲ. ಅದು ಕೇಳಿಸಿಕೊಳ್ಳಲಿ, ಹಾಡುವುದು ಬೇಡ.

ಗೂಡಿನ ವಿಷಯದಲ್ಲಿ ಕಾನೂನೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ವ್ಯಾಖ್ಯೆಯೊಳಗೇ ಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ಸೇರಿದೆ. ಗೂಡು ಕಾಣಲೆಂದು ಅಡ್ಡ ಬಂದ ಎರಡು ಎಲೆ ಕಿತ್ತರೂ ಸಾಕು. ನೆರಳು ಹೋಗಿ ಮರಿ ಬಿಸಿಲಿಗೆ ಬೀಳುತ್ತದೆ, ಮೇಲಿಂದ ಕಾಗೆಗೆ ಕಾಣುತ್ತದೆ. ಹಾಲಕ್ಕಿ ಎಂಬ ಪುಟ್ಟ ಗೂಬೆಯ ಪೊಟರೆಗೂ ಇದೇ ಮಾತು. ಹಗಲು ಕಣ್ಣು ಅರೆಮುಚ್ಚಿ ಕೂತ ಜೋಡಿ ಕಂಡರೆ ಯಾರಿಗೆ ತಾನೇ ಆಸೆಯಾಗದು? ದೂರದಿಂದ ನಾಲ್ಕು ಚಿತ್ರ ತೆಗೆದು ಹೊರಡಿ. ಫ್ಲ್ಯಾಶ್ ಬೇಡ, ಮರ ಯಾವುದೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದೂ ಬೇಡ. ಮುಂದಿನ ಭಾನುವಾರ ಆ ಮರದ ಕೆಳಗೆ ಜಾತ್ರೆ ಸೇರುತ್ತದೆ.

ಒಬ್ಬರೇ ಹೋಗಲು ಬೇಸರವಾದರೆ, ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್‌ನವರು ದಶಕಗಳಿಂದ ತಿಂಗಳ ಎರಡನೇ ಭಾನುವಾರದ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಸೇರುವ ರೂಢಿ ಇಟ್ಟುಕೊಂಡಿದ್ದಾರೆ. ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಅಂದು ಕ್ಯಾಮೆರಾ ಬಿಟ್ಟು ಬೈನಾಕ್ಯುಲರ್ ಒಯ್ದರೆ ಇನ್ನೂ ಒಳ್ಳೆಯದು.

ಈಗ ನಿಮ್ಮ ಹನ್ನೊಂದನೇ ಚಿತ್ರ. ಅದು ಗಿಡುಗ ಅಲ್ಲ ಮೇಡಂ, ಹೆಣ್ಣು ಕೋಗಿಲೆ. ಕಂದು ಮೈಮೇಲೆ ಬಿಳಿ ಚುಕ್ಕಿ, ಬಾಲಕ್ಕೆ ಪಟ್ಟೆ ಇರುವುದರಿಂದ ಗಿಡುಗದಂತೆ ಕಂಡಿದೆ. ಕೊಕ್ಕು ನೋಡಿ, ಗಿಡುಗದ ಕೊಕ್ಕಿನಂತೆ ಕೊಕ್ಕೆಯಾಗಿ ಬಾಗಿಲ್ಲ. ಕಣ್ಣು ನೋಡಿ, ಕೆಂಡದ ಕೆಂಪು. ಕಪ್ಪಗಿರುವುದೂ ಕುಹೂ ಎನ್ನುವುದೂ ಗಂಡು, ಹೆಣ್ಣಿನದು ಬರೀ ಕಿಕ್ ಕಿಕ್ ಕಿಕ್. ನಿಮಗೆ ಗೊತ್ತಿಲ್ಲದೆಯೇ ಈ ಒಂದು ಚಿತ್ರದಲ್ಲಿ ಎಲ್ಲವೂ ಸರಿಹೋಗಿದೆ. ಹೊತ್ತು ಬೆಳಿಗ್ಗೆ 7.52, ಬಹುಶಃ ಆ ದಿನ ತಿಂಡಿ ತಡವಾಗಿತ್ತು. ಹಕ್ಕಿ ಅತ್ತಿಮರದ ತಗ್ಗಿನ ಕೊಂಬೆಯಲ್ಲಿದೆ, ಕೊಕ್ಕಿನಲ್ಲಿ ಅರ್ಧ ಹಣ್ಣಿದೆ. ಮರದ ಗುರುತು ನೆನಪಿದ್ದರೆ ಬೇಸಿಗೆಯ ಕೊನೆಗೆ ಮತ್ತೆ ಅತ್ತ ಹೋಗಿ. ಹತ್ತಿರದಲ್ಲೆಲ್ಲೋ ಕಾಗೆ ಗೂಡು ಕಟ್ಟಿದ್ದರೆ, ಮೊಟ್ಟೆಯಿಡಲು ಹೊಂಚುವ ಕೋಗಿಲೆಯನ್ನು ಕಾಗೆಗಳು ಅಟ್ಟಿಸಿಕೊಂಡು ಹೋಗುವುದು ಸಿಗಬಹುದು. ಅಂದು ಷಟರ್ 1/2000 ಇಡಲು ಮರೆಯಬೇಡಿ.